ಬೀಗದ ಕೈ ಸೆರಗಿಗೆ ಬಂದ ಮೇಲೆ

ನಮ್ಮ ಶಾಲೆಯ ಕೊಳವೆಬಾವಿಯ ನೀರನ್ನು ಪ್ರನಾಳದಲ್ಲಿ ಎರಡು ಬೆರಳು ಎತ್ತರ ಹಿಡಿದು ಅದಕ್ಕೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟರೆ, ಹನಿ ಬಿದ್ದ ಜಾಗದಿಂದ ಬಿಳಿ ಎಳೆಗಳು ಕೆಳಕ್ಕೆ ಇಳಿಯುತ್ತವೆ. ಅಲುಗಾಡಿಸಿದರೆ ಪ್ರನಾಳದ ತುಂಬ ನೀರುಮಜ್ಜಿಗೆ. ಪ್ರಯೋಗಾಲಯ ಸಹಾಯಕಿಯಾಗಿ ಕೆಲಸಕ್ಕೆ ಸೇರಿದ ಎರಡನೆಯ ವಾರ ಇದನ್ನು ನಾನು ಕಂಡದ್ದು ಕಾಲು ಲೀಟರಿನ ಬೀಕರಿನಲ್ಲಿ. ದ್ರಾವಣ ಮಾಡಿಡೋಣವೆಂದು ನಲ್ಲಿಯ ನೀರಿಗೆ ಸಿಲ್ವರ್ ನೈಟ್ರೇಟ್ ಹರಳು ಹಾಕಿ ಗಾಜಿನ ಕಡ್ಡಿ ಆಡಿಸಿದ್ದೇ ತಡ, ಬೀಕರು ಬೆಳ್ಳಗಾಯಿತು. ಸಂಜೆಯ ಹೊತ್ತಿಗೆ ಕಿಟಕಿಯ ಬಿಸಿಲು ತಾಗಿದ ಮಗ್ಗುಲು ಬೂದುಬಣ್ಣಕ್ಕೆ ತಿರುಗಿತು. ಶಾಲೆಯಲ್ಲಿ ಇದ್ದದ್ದು 25 ಗ್ರಾಮಿನ ಒಂದೇ ಒಂದು ಬಾಟಲಿ. ಬೆಳ್ಳಿಯ ಲವಣವಾದ್ದರಿಂದ ಅದರ ಬೆಲೆಯೂ ಹೆಚ್ಚು. ಅದರಲ್ಲಿ 4 ಗ್ರಾಂ ಮಣ್ಣುಪಾಲಾಯಿತಲ್ಲ ಎಂದು ಅಂದು ರಾತ್ರಿ ನನಗೆ ಊಟ ಸೇರಲಿಲ್ಲ.

ನಾನು ಬಿ.ಎಸ್ಸಿ. ಓದಿದವಳು. ನೀರಿನಲ್ಲಿ ಕ್ಲೋರೈಡ್ ಇದ್ದರೆ ಸಿಲ್ವರ್ ಕ್ಲೋರೈಡಿನ ಬಿಳಿ ಪ್ರಕ್ಷೇಪ ಬರುತ್ತದೆ ಎಂದು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿದ್ದೆನೋ. ಆದರೆ ಕಾಲೇಜಿನಲ್ಲಿ ನಾವು ಪ್ರಯೋಗಾಲಯದ ಒಳಗೆ ಕಾಲಿಡುವ ಹೊತ್ತಿಗೆ ದ್ರಾವಣಗಳೆಲ್ಲ ಬಾಟಲಿ ತುಂಬಿ ಸಾಲಾಗಿ ನಿಂತಿರುತ್ತಿದ್ದವು. ಅವನ್ನು ಯಾರು, ಯಾವ ನೀರಿನಲ್ಲಿ, ಯಾವ ಹೊತ್ತಿನಲ್ಲಿ ಮಾಡಿಟ್ಟರು ಎಂದು ಮೂರು ವರ್ಷದಲ್ಲಿ ಒಂದು ದಿನವೂ ಕೇಳಿದವಳಲ್ಲ. ಈಗ ಆ ಕೆಲಸವೇ ನನ್ನ ಪಾಲಿಗೆ ಬಂದಿತ್ತು.

ಬಂದದ್ದು 2018ರ ಜೂನ್‌ನಲ್ಲಿ. ಓದು ಮುಗಿದು ಹತ್ತು ವರ್ಷವಾಗಿತ್ತು. ಮದುವೆ, ಇಬ್ಬರು ಮಕ್ಕಳು, ಅತ್ತೆಯವರ ಆರೈಕೆ ಎಂದು ಮನೆಯಲ್ಲೇ ಉಳಿದಿದ್ದೆ. ಚಿತ್ರದುರ್ಗದ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಪ್ರಯೋಗಾಲಯ ಸಹಾಯಕಿ ಬೇಕಾಗಿದ್ದಾರೆ, ಆಡಳಿತ ಮಂಡಳಿಯ ಲೆಕ್ಕದಲ್ಲಿ ತಾತ್ಕಾಲಿಕ ನೇಮಕ ಎಂದು ಓಣಿಯವರೊಬ್ಬರು ಹೇಳಿದರು. ಸಂಬಳ ಹೇಳಿಕೊಳ್ಳುವಂತಿರಲಿಲ್ಲ. ಆದರೂ ಒಪ್ಪಿಕೊಂಡೆ. ಮೊದಲ ದಿನ ಮುಖ್ಯೋಪಾಧ್ಯಾಯಿನಿಯವರು ಮೇಜಿನ ಸೆಳೆಖಾನೆಯಿಂದ ಬೀಗದ ಕೈಗೊಂಚಲು ತೆಗೆದು ನನ್ನ ಮುಂದಿಟ್ಟು, "ಸಾಮಾನು ಒಂದೂ ಕಡಿಮೆಯಾಗದ ಹಾಗೆ ನೋಡಿಕೊಳ್ಳಿ ಅಮ್ಮಾ, ತಪಾಸಣೆಗೆ ಬರುತ್ತಾರೆ" ಎಂದರು. ನಾನು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಬಾಗಿಲು ತೆಗೆದಾಗ ಬಂದ ವಾಸನೆ ಇನ್ನೂ ಮೂಗಿನಲ್ಲಿದೆ. ಕಬ್ಬಿಣದ ತುಕ್ಕು, ಹಳೆಯ ಫಾರ್ಮಲಿನ್, ಇಲಿಯ ಹಿಕ್ಕೆ, ಅದರ ಮೇಲೆ ಗಂಟಲು ಕೆರೆಯುವಂಥ ಆಮ್ಲದ ಗಾಳಿ. ಬಾಟಲಿಗಳ ಮೇಲೆಲ್ಲ ಹಿಟ್ಟು ಜರಡಿ ಹಿಡಿದ ಹಾಗೆ ಬಿಳಿ ಪುಡಿ ಕೂತಿತ್ತು. ಧೂಳೆಂದು ಒರೆಸಿದೆ. ವಾರ ಬಿಟ್ಟು ನೋಡಿದರೆ ಮತ್ತೆ ಅದೇ ಪುಡಿ. ಅದು ಧೂಳಲ್ಲ ಎಂದು ತಿಳಿಸಿದವರು ಆ ಶಾಲೆಯಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿ ದುಡಿದು ನಿವೃತ್ತರಾಗಿದ್ದ ಹಿರಿಯರು. ಪಿಂಚಣಿಯ ಕಾಗದಪತ್ರದ ಕೆಲಸಕ್ಕೆ ಶಾಲೆಗೆ ಬಂದವರು ಪ್ರಯೋಗಾಲಯದ ಬಾಗಿಲು ತೆರೆದದ್ದು ಕಂಡು ಒಳಗೆ ಇಣುಕಿದರು. ಕಪಾಟನ್ನು ಒಂದು ಸುತ್ತು ನೋಡಿ, "ಅಮೋನಿಯಾನೂ ಹೈಡ್ರೋಕ್ಲೋರಿಕ್ಕೂ ಅಕ್ಕಪಕ್ಕ ಇಟ್ಟಿದ್ದೀಯಲ್ಲ ತಾಯಿ. ಎರಡರ ಹೊಗೆಯೂ ಗಾಳಿಯಲ್ಲಿ ಕೂಡಿಕೊಂಡು ಈ ಪುಡಿ ಕೂರುತ್ತದೆ" ಎಂದರು. ಅಮೋನಿಯಂ ಕ್ಲೋರೈಡ್! ನನಗೆ ಸೂತ್ರ ಗೊತ್ತಿತ್ತು, ಕಪಾಟು ಗೊತ್ತಿರಲಿಲ್ಲ. ಅಂದೇ ಎರಡು ಬಾಟಲಿಗಳನ್ನೂ ಕೋಣೆಯ ಎರಡು ಮೂಲೆಗೆ ಒಯ್ದೆ. ಅವರನ್ನು ಆಮೇಲೆ ನಾನು ಅಣ್ಣ ಎಂದೇ ಕರೆದೆ. ಆ ವರ್ಷ ಅವರು ಐದಾರು ಸಲವಾದರೂ ಬಂದು ಕೆಲಸ ಹೇಳಿಕೊಟ್ಟರು. ಶಾಲೆಯಿಂದ ಅದಕ್ಕೆ ಅವರಿಗೆ ಸಿಕ್ಕಿದ್ದು ಒಂದೊಂದು ಲೋಟ ಚಹಾ.

ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ ಗಾಜಿನ ಬಿರಡೆ ಹಾಕಬಾರದು, ಕಚ್ಚಿಕೊಂಡು ಕೂತರೆ ಬಾಟಲಿಯ ಕತ್ತು ಒಡೆಯಬೇಕಾಗುತ್ತದೆ, ರಬ್ಬರಿನ ಬಿರಡೆ ಹಾಕು ಎಂದರು. ಅಯೋಡಿನ್ ಬರೀ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಮೊದಲು ಪೊಟ್ಯಾಸಿಯಂ ಅಯೊಡೈಡನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಅದರಲ್ಲಿ ಹಾಕು ಎಂದರು. ಸತು ತೀರಾ ಶುದ್ಧವಾಗಿದ್ದರೆ ಆಮ್ಲದಲ್ಲಿ ಸೋಮಾರಿಯಾಗಿ ಕೂರುತ್ತದೆ, ಒಂದು ತೊಟ್ಟು ಮೈಲುತುತ್ತದ (ತಾಮ್ರದ ಸಲ್ಫೇಟಿನ) ನೀರು ಬಿಟ್ಟರೆ ಗುಳ್ಳೆ ಏಳುತ್ತದೆ ಎಂದರು. ಇವಕ್ಕೆಲ್ಲ ಕಾರಣ ನಾನು ಪುಸ್ತಕದಲ್ಲಿ ಹುಡುಕಿ ತಿಳಿದುಕೊಂಡದ್ದು ಆಮೇಲೆ.

ಹೆಸರಿನ ಚೀಟಿ ಇಲ್ಲದ ಹದಿನಾಲ್ಕು ಬಾಟಲಿಗಳಿದ್ದವು. ಬೆಳ್ಳಿಮೀನು ಹುಳು ಚೀಟಿಗಳನ್ನು ತಿಂದು ಹಾಕಿತ್ತು. ವಾಸನೆಯಿಂದ ಗುರುತು ಹಿಡಿಯುತ್ತೇನೆಂದು ಒಂದರ ಬಿರಡೆಗೆ ಕೈ ಹಾಕಿದಾಗ ಅಣ್ಣ ನನ್ನ ಮುಂಗೈಯನ್ನೇ ಹಿಡಿದುಕೊಂಡರು. "ಹೆಸರಿಲ್ಲದ ಬಾಟಲಿಯನ್ನು ಮೂಸಬೇಡ" ಎಂದರು, ಅಷ್ಟೇ. ಅವರ ಕಣ್ಣಿನಲ್ಲಿದ್ದ ಭಯ ಕಂಡು ನಾನು ಕಾರಣ ಕೇಳಲಿಲ್ಲ. ಪದವಿ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕಿಯೊಬ್ಬರು ಬಂದು ಒಂಬತ್ತನ್ನು ಗುರುತಿಸಿಕೊಟ್ಟರು. ಉಳಿದ ಐದನ್ನು ಮರಳು ತುಂಬಿದ ಪೆಟ್ಟಿಗೆಯಲ್ಲಿಟ್ಟು 'ಗುರುತಿಲ್ಲ, ಮುಟ್ಟಬೇಡಿ' ಎಂದು ಬರೆದು ಬೀಗ ಹಾಕಿದೆ. ಹೊಸ ಚೀಟಿಗಳನ್ನು ಬರೆದು ಮೇಲೆ ಅಗಲವಾದ ಅಂಟುಪಟ್ಟಿ ಹಚ್ಚಿದೆ. ಒಂದೊಂದರ ಮೇಲೂ ಹೆಸರು, ಸಾರ, ಮಾಡಿದ ದಿನಾಂಕ. ದಿನಾಂಕ ಬರೆಯುವ ರೂಢಿ ನಾನೇ ಹಾಕಿಕೊಂಡದ್ದು.

ಆಮ್ಲ ಸಾರರಿಕ್ತ ಮಾಡುವ ಕೆಲಸವನ್ನು ಶನಿವಾರ ಮಧ್ಯಾಹ್ನ, ಹುಡುಗಿಯರೆಲ್ಲ ಮನೆಗೆ ಹೋದ ಮೇಲೆ ಇಟ್ಟುಕೊಂಡೆ. ಸೆರಗನ್ನು ಭುಜಕ್ಕೆ ಪಿನ್ನು ಹಾಕಿ ಸೊಂಟಕ್ಕೆ ಸಿಕ್ಕಿಸಿ, ಮೇಲೆ ದಪ್ಪ ಹತ್ತಿಯ ಏಪ್ರನ್ ಕಟ್ಟಿಕೊಂಡು, ಕನ್ನಡಕ ಹಾಕಿ, ಎರಡೂ ಕಿಟಕಿ ತೆರೆದಿಡುತ್ತೇನೆ. ಒಂದು ಲೀಟರ್ ಹೈಡ್ರೋಕ್ಲೋರಿಕ್ ಆಮ್ಲ ಬೇಕಾದರೆ ಮೊದಲು ಮುಕ್ಕಾಲು ಪಾಲು ನೀರು, ಅದಕ್ಕೆ ಸುಮಾರು 86 ಮಿಲಿಲೀಟರ್ ಪ್ರಬಲ ಆಮ್ಲ, ಆಮೇಲೆ ಗೆರೆಯವರೆಗೆ ಮತ್ತೆ ನೀರು. ಸಲ್ಫ್ಯೂರಿಕ್ ಆದರೆ 55 ಮಿಲಿಲೀಟರ್ ಸಾಕು, ಆದರೆ ತಾಳ್ಮೆ ದುಪ್ಪಟ್ಟು ಬೇಕು. ಕಡ್ಡಿಯ ಗುಂಟ ಎಳೆಯಾಗಿ ಇಳಿಸಬೇಕು, ಕದಡುತ್ತಿರಬೇಕು, ಬೀಕರನ್ನು ತಣ್ಣೀರಿನ ಬೋಗುಣಿಯಲ್ಲಿ ಕೂರಿಸಿರಬೇಕು. ಇಷ್ಟಾದರೂ ಗಾಜು ಕೈಗೆ ಬಿಸಿ ತಟ್ಟುತ್ತದೆ. ನೀರಿಗೆ ಆಮ್ಲ ಹಾಕಬೇಕೇ ಹೊರತು ಆಮ್ಲಕ್ಕೆ ನೀರು ಹಾಕಬಾರದು ಎಂಬ ಮಾತನ್ನು ಪ್ರತಿ ವರ್ಷ ಎಂಟನೆಯ ತರಗತಿಯ ಮಕ್ಕಳಿಂದ ಮೂರು ಸಲ ಹೇಳಿಸುತ್ತೇನೆ.

ನೀರಿನ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ನನ್ನ ಕೆಲಸ ನನಗೆ ಹಿಡಿಸಿದ್ದು ಅಲ್ಲಿಂದ. ಬೀಕರು ಹಾಳಾದ ಮರುದಿನ ಬೀದಿಯ ಕೊನೆಯ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಹೋಗಿ 5 ರೂಪಾಯಿ ಹಾಕಿ ಕ್ಯಾನು ತುಂಬಿಸಿ ತಂದೆ. ಒಂದು ಹನಿ ಬಿಟ್ಟೆ. ಮಜ್ಜಿಗೆಯಾಗಲಿಲ್ಲ, ಆದರೆ ಗಾಜಿಗೆ ಉಸಿರು ಬಿಟ್ಟಂತೆ ತೆಳ್ಳಗೆ ಮಂಜು ಕವಿಯಿತು. ಅದೂ ಆಗಲಿಲ್ಲ. ಕೊನೆಗೆ ಲಾರಿ, ಟ್ರ್ಯಾಕ್ಟರಿಗೆ ಬ್ಯಾಟರಿ ಮಾರುವ ಅಂಗಡಿಯಲ್ಲಿ ಭಟ್ಟಿ ಇಳಿಸಿದ ನೀರಿನ 5 ಲೀಟರಿನ ಡಬ್ಬಿ ಸಿಕ್ಕಿತು. ಹನಿ ಬಿಟ್ಟೆ. ಏನೂ ಆಗಲಿಲ್ಲ. ನೀರು ನೀರಾಗಿಯೇ ಉಳಿಯಿತು. ಮೂರು ಪ್ರನಾಳಗಳನ್ನು ಸ್ಟ್ಯಾಂಡಿನಲ್ಲಿ ಪಕ್ಕಪಕ್ಕ ನಿಲ್ಲಿಸಿ ನೋಡಿದೆ. ನನಗೆ ಎಷ್ಟು ಸಂತೋಷವಾಯಿತೆಂದರೆ, ವಿಜ್ಞಾನದ ಮೇಷ್ಟ್ರ ಅಪ್ಪಣೆ ಕೇಳಿ ಹತ್ತನೆಯ ತರಗತಿಯ ಹುಡುಗಿಯರನ್ನು ಕರೆದು ತೋರಿಸಿದೆ.

ಎಲ್ಲರೂ ನೋಡಿದರು. ಹಿಂದಿನ ಸಾಲಿನಿಂದ ಒಬ್ಬಳು ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡೇ ಕೇಳಿದಳು: "ಮಿಸ್, ಹಲ್ಲು ಹಾಳು ಮಾಡುವುದು ಈ ಬಿಳಿದೇನಾ?"

ಚಿತ್ರದುರ್ಗ ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಇರಬಾರದು. ಹಲ್ಲು ಮೂಡುವ ವಯಸ್ಸಿನಲ್ಲಿ ಅದಕ್ಕಿಂತ ಹೆಚ್ಚಿನದನ್ನು ಕುಡಿದ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಮಚ್ಚೆ, ಕಂದು ಪಟ್ಟೆ ಬೀಳುತ್ತದೆ. ನಗುವಾಗ ಬಾಯಿ ಮುಚ್ಚಿಕೊಳ್ಳುವ ಹುಡುಗಿಯರು ನಮ್ಮ ಪ್ರತಿ ತರಗತಿಯಲ್ಲೂ ಇಬ್ಬರು ಮೂವರು ಇರುತ್ತಾರೆ. ಅದು ನಾಚಿಕೆಯಲ್ಲ ಎಂದು ನನಗೆ ಅಂದು ಅರಿವಾಯಿತು. ಅವಳ ಪ್ರಶ್ನೆಗೆ ಕೂಡಲೇ ಉತ್ತರ ಹೇಳಲು ನನಗೆ ಬರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಮನೆಯಲ್ಲಿ ಹಳೆಯ ಪುಸ್ತಕ ತೆಗೆದು ಕೂತೆ. ಸಿಲ್ವರ್ ಕ್ಲೋರೈಡ್ ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ಬಿಳಿಯಾಗಿ ಕಾಣುತ್ತದೆ. ಸಿಲ್ವರ್ ಫ್ಲೋರೈಡ್ ಚೆನ್ನಾಗಿ ಕರಗುತ್ತದೆ, ಆದ್ದರಿಂದ ಎಷ್ಟಿದ್ದರೂ ಕಾಣುವುದಿಲ್ಲ. ಮರುದಿನ ಅವಳಿಗೆ ಹೇಳಿದೆ: "ನಿನ್ನ ಹಲ್ಲಿಗೆ ಬಣ್ಣ ತಂದದ್ದು ಈ ಬಿಳಿದಲ್ಲ. ಅದನ್ನು ಈ ಹನಿ ತೋರಿಸುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಇದೆ. ಕುದಿಸಿದರೂ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಹೆಚ್ಚಾಗುತ್ತದೆ." ಅವಳು ಇದನ್ನು ಬರೆದುಕೊಂಡಳು. ಅವಳ ಅಮ್ಮ ತಂಗಿಗೆ ನೀರು ಕುದಿಸಿ ಆರಿಸಿ ಕೊಡುತ್ತಿದ್ದರಂತೆ, ಹಲ್ಲು ಉಳಿಯಲಿ ಎಂದು. ಈಗ ಘಟಕದ ನೀರು ತರುತ್ತಾರೆ. ಹಲವು ಹಳ್ಳಿಗಳಲ್ಲಿ ನೀರು ಪರೀಕ್ಷೆ ಮಾಡುವ ಕಿಟ್ಟನ್ನು ಕೊಟ್ಟು ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟಿದ್ದಾರೆ. ಆ ಕೆಲಸಕ್ಕೆ ನಮ್ಮ ಹುಡುಗಿಯರು ಹೋಗಬೇಕೆಂಬುದು ನನ್ನ ಆಸೆ.

ಇನ್ನು ಪ್ರಯೋಗದ ತರಗತಿಯ ಮಾತು. ಎಸ್ಸೆಸ್ಸೆಲ್ಸಿ ವಿಜ್ಞಾನಕ್ಕೆ 80 ಅಂಕದ ಲಿಖಿತ ಪರೀಕ್ಷೆ, 20 ಆಂತರಿಕ ಅಂಕ. ಪ್ರಯೋಗಕ್ಕೆಂದು ಪ್ರತ್ಯೇಕ ಪರೀಕ್ಷೆ ಇಲ್ಲ. ಅದಕ್ಕೇ ಎಷ್ಟೋ ಕಡೆ ಪ್ರಯೋಗಾಲಯಕ್ಕೆ ಬೀಗ ಬಿದ್ದಿರುತ್ತದೆ. ಸತುವಿನ ಚೂರಿನ ಮೇಲೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಬಿದ್ದು ಹೈಡ್ರೋಜನ್ ಬಿಡುಗಡೆಯಾಗುವ ಚಿತ್ರವನ್ನು ನಮ್ಮ ಹುಡುಗಿಯರು ಕಣ್ಣು ಮುಚ್ಚಿಕೊಂಡು ಬಿಡಿಸುತ್ತಿದ್ದರು. ಸ್ಟ್ಯಾಂಡು, ಬಾಗಿದ ನಳಿಕೆ, ಸಾಬೂನಿನ ದ್ರಾವಣ, ಅದರ ಮೇಲೆ ಹೈಡ್ರೋಜನ್ ತುಂಬಿದ ಗುಳ್ಳೆ, ಉರಿಯುವ ಮೇಣದಬತ್ತಿ, ಎಲ್ಲಕ್ಕೂ ಗೆರೆ ಎಳೆದು ಹೆಸರು ಬರೆಯುತ್ತಿದ್ದರು. 'ಪಟ್ ಎಂಬ ಶಬ್ದದೊಂದಿಗೆ ಉರಿಯುತ್ತದೆ' ಎಂದು ದುಂಡಗೆ ಬರೆಯುತ್ತಿದ್ದರು. ಆ ಶಬ್ದವನ್ನು ಕಿವಿಯಿಂದ ಕೇಳಿದವಳು ಆ ತರಗತಿಯಲ್ಲಿ ಒಬ್ಬಳೂ ಇರಲಿಲ್ಲ. ಇದು ನನಗೆ ಸಹಿಸಲಾಗಲಿಲ್ಲ. ಈಗಲೂ ಸಹಿಸಲಾಗುವುದಿಲ್ಲ.

ಮೇಷ್ಟ್ರಿಗೆ ಪಾಠ ಮುಗಿಸುವ ಚಿಂತೆ. 52 ಹುಡುಗಿಯರು, 40 ನಿಮಿಷದ ಅವಧಿ. "ನಾನೇ ಮೇಜಿನ ಮೇಲೆ ಮಾಡಿ ತೋರಿಸಿಬಿಡುತ್ತೇನಮ್ಮಾ, ಎಲ್ಲರಿಗೂ ಕಾಣುತ್ತದೆ" ಎಂದರು. ನಾನು ಕೈಮುಗಿದು ಕೇಳಿಕೊಂಡೆ: "ಸರ್, ನೀವು ಬರುವ ಮುಂಚೆ ಎಲ್ಲವನ್ನೂ ಜೋಡಿಸಿಟ್ಟಿರುತ್ತೇನೆ. ಒಬ್ಬೊಬ್ಬಳಿಗೂ ಒಂದೊಂದು ಪ್ರನಾಳ. ನೀವು ಹೇಳಿ, ಅವರು ಮಾಡಲಿ. ಒಂದು ನಿಮಿಷವೂ ಹೆಚ್ಚಾಗದ ಹಾಗೆ ನೋಡಿಕೊಳ್ಳುವುದು ನನ್ನ ಹೊಣೆ." ಒಳ್ಳೆಯ ಮನುಷ್ಯ, ಒಪ್ಪಿದರು.

ಹಿಂದಿನ ದಿನ ಸಂಜೆ ಐದರಿಂದ ಏಳರವರೆಗೆ ಕೂತು ಹದಿಮೂರು ತಟ್ಟೆ ಹೊಂದಿಸಿದೆ. ಬಿಸಿಯೂಟದ ತಟ್ಟೆಗಳು ಕೈಗೆ ಸಿಗುವಂತಿದ್ದರೂ ಮುಟ್ಟಲಿಲ್ಲ. ಉಣ್ಣುವ ತಟ್ಟೆಯಲ್ಲಿ ರಾಸಾಯನಿಕ ಇಡಬಾರದು. ಸಂತೆಯಲ್ಲಿ ಕೊಂಡ ಪ್ಲಾಸ್ಟಿಕ್ ತಟ್ಟೆಗಳವು. ಒಂದೊಂದರಲ್ಲೂ ನಾಲ್ಕು ಪ್ರನಾಳ, ಪೊಟ್ಟಣದಲ್ಲಿ ಸತುವಿನ ಚೂರು, ಸಣ್ಣ ಬಾಟಲಿಯಲ್ಲಿ ಅಳೆದ ಆಮ್ಲ, ಹನಿ ನಳಿಕೆ, ಮೇಣದಬತ್ತಿ, ಒಂದು ಒದ್ದೆ ಬಟ್ಟೆ. ಬಾಗಿದ ನಳಿಕೆ, ಸಾಬೂನಿನ ಗುಳ್ಳೆ ಎಲ್ಲ ಬೇಡ. ಪ್ರನಾಳದ ಬಾಯಿಗೆ ಹೆಬ್ಬೆರಳು ಒತ್ತಿ, ಅನಿಲ ತುಂಬಿ ಬೆರಳನ್ನು ಮೇಲಕ್ಕೆ ನೂಕುವಾಗ ಬತ್ತಿಯ ಹತ್ತಿರ ಒಯ್ದು ಬೆರಳು ತೆಗೆದರೆ ಸಾಕು. ಜಡೆಯನ್ನು ಮಡಚಿ ರಿಬ್ಬನ್ ಕಟ್ಟಿಕೊಂಡು ಬರಬೇಕು, ದುಪಟ್ಟಾವನ್ನು ಹಿಂದಕ್ಕೆ ಗಂಟು ಹಾಕಿರಬೇಕು ಎಂದು ಮೊದಲೇ ಹೇಳಿ ಕಳಿಸಿದ್ದೆ.

ಮೊದಲ ಪಟ್ ಕೇಳಿದಾಗ ಇಡೀ ಕೋಣೆ ಚೀರಿತು. ಮಾಡಿದವಳು ಮಾತ್ರ ಚೀರಲಿಲ್ಲ. ಪ್ರನಾಳವನ್ನು ಹಿಡಿದ ಹಾಗೇ ಹಿಡಿದು, "ಇದೇನಾ ಮಿಸ್, ನಾವು ಬರೆಯುವುದು?" ಎಂದಳು. ಆಮೇಲೆ ಹತ್ತು ನಿಮಿಷ ದೀಪಾವಳಿ. ಮೇಷ್ಟ್ರು ಒಂದು ಮೂಲೆಯಲ್ಲಿ ನಿಂತು ಕನ್ನಡಕ ತೆಗೆದು ಒರೆಸಿಕೊಂಡರು. 38ನೇ ನಿಮಿಷಕ್ಕೆ ಪ್ರನಾಳಗಳೆಲ್ಲ ತೊಟ್ಟಿಗೆ ಬಂದವು.

ಎಲ್ಲವೂ ಹೀಗೇ ಸುಸೂತ್ರವಾಗಲಿಲ್ಲ. ಎಲೆಯಲ್ಲಿ ಪಿಷ್ಟ ತೋರಿಸುವ ಪ್ರಯೋಗದಲ್ಲಿ ಎಲೆಯ ಹಸಿರನ್ನು ಮದ್ಯಸಾರದಲ್ಲಿ ಇಳಿಸಬೇಕು. ಮದ್ಯಸಾರದ ಬೀಕರನ್ನು ನೀರಿನ ಬೀಕರಿನೊಳಗೆ ಇಟ್ಟು ನೀರನ್ನು ಕಾಯಿಸಬೇಕು. ನಾನು ಹಾಗೆಯೇ ಇಟ್ಟಿದ್ದೆ. ಆದರೆ ಜ್ವಾಲೆ ಕೆಳಗೆ ಉರಿಯುತ್ತಲೇ ಇತ್ತು. ಮದ್ಯಸಾರ 78 ಡಿಗ್ರಿಗೇ ಕುದಿಯುತ್ತದೆ, ಅದರ ಆವಿ ಬೀಕರಿನ ಅಂಚಿನಿಂದ ಇಳಿದು ಜ್ವಾಲೆಯನ್ನು ಮುಟ್ಟಿತು. ನೀಲಿ ಬೆಂಕಿ ಬೀಕರಿನ ಬಾಯಿಗೆ ಬಂದು ನಿಂತಿತು. ಹಗಲಿನ ಬೆಳಕಿನಲ್ಲಿ ಅದು ಸರಿಯಾಗಿ ಕಾಣುವುದೂ ಇಲ್ಲ. ಹತ್ತಿರದಲ್ಲೇ ಬಗ್ಗಿ ನೋಡುತ್ತಿದ್ದವಳ ಜಡೆಯ ರಿಬ್ಬನ್ನಿನ ತುದಿ ಸುರುಟಿಕೊಂಡಿತು. ಅವಳನ್ನು ಹಿಂದಕ್ಕೆ ಎಳೆದು, ಒದ್ದೆ ಗೋಣಿಯನ್ನು ಬೀಕರಿನ ಮೇಲೆ ಮುಚ್ಚಿದೆ. ಬೆಂಕಿ ಆರಿತು. ಯಾರಿಗೂ ಏನೂ ಆಗಲಿಲ್ಲ. ಅಂದು ಸಂಜೆ ಆ ಹುಡುಗಿಯ ಮನೆಗೆ ಹೋಗಿ ಅವಳ ತಾಯಿಗೆ ನಡೆದದ್ದನ್ನು ನಾನೇ ಹೇಳಿದೆ, ತಪ್ಪು ನನ್ನದೆಂದು ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, "ಬೆಂಕಿ ಮುಂದೆ ಕೂರುವುದು ನಮಗೂ ದಿನಾ ಇದ್ದದ್ದೇ ಅಮ್ಮಾ. ನೀವು ಪಕ್ಕದಲ್ಲಿದ್ದಿರಲ್ಲ" ಎಂದರು. ಆ ದಿನದಿಂದ ಕ್ರಮ ಬದಲಾಯಿತು. ಮೊದಲು ನೀರು ಕುದಿಸುವುದು, ದೀಪ ಆರಿಸುವುದು, ದೀಪವನ್ನು ಆಚೆ ಮೇಜಿಗೆ ಒಯ್ಯುವುದು, ಆಮೇಲೆಯೇ ಮದ್ಯಸಾರದ ಬೀಕರನ್ನು ಬಿಸಿನೀರಿನಲ್ಲಿ ಇಳಿಸುವುದು. ಹಸಿರು ಇಳಿಯಲು ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ತಾಮ್ರದ ಪಾಠದ ದಿನ ನಡೆದದ್ದನ್ನು ಹೇಳದಿದ್ದರೆ ಈ ಬರಹ ಪೂರ್ತಿಯಾಗುವುದಿಲ್ಲ. ತಾಮ್ರದ ಸಲ್ಫೇಟಿನ ನೀಲಿ ದ್ರಾವಣದಲ್ಲಿ ಉಪ್ಪುಕಾಗದದಿಂದ ಉಜ್ಜಿದ ಕಬ್ಬಿಣದ ಮೊಳೆಯನ್ನು ದಾರ ಕಟ್ಟಿ ಇಳಿಬಿಟ್ಟು 20 ನಿಮಿಷ ಕಾಯಬೇಕು. ಮೊಳೆಗೆ ಕೆಂಪು ಮಿಶ್ರಿತ ಕಂದು ಲೇಪ ಬರುತ್ತದೆ, ನೀಲಿ ಮಾಸುತ್ತದೆ. ಮೇಷ್ಟ್ರು ಕೇಳುವ ಮೊದಲೇ ಹಿರಿಯೂರು ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, "ಇದು ನಮ್ಮ ಅಪ್ಪ ಮಾಡುತ್ತಾರೆ ಸರ್, ಕುಡುಗೋಲಿನಲ್ಲಿ" ಎಂದಳು. ಅವರದು ದಾಳಿಂಬೆ ತೋಟ. ರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಸುಣ್ಣ ಸಾಲದೆ ಹೋದರೆ ಎಲೆ ಸುಡುತ್ತದೆ. ಸಾಕೋ ಸಾಲದೋ ತಿಳಿಯಲು ಉಜ್ಜಿದ ಕುಡುಗೋಲನ್ನು ಅದ್ದಿ ತೆಗೆಯುತ್ತಾರೆ. ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. ಮೇಷ್ಟ್ರು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟು, ಬೋರ್ಡಿನ ಮೇಲೆ ಅದನ್ನೇ ಬರೆ ಎಂದರು. ಅವಳು ಬರೆದಳು. ಸಮೀಕರಣವನ್ನೂ ತಾನೇ ಬರೆದಳು. ಆವರೆಗೆ ಆ ಹುಡುಗಿ ತರಗತಿಯಲ್ಲಿ ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

ಇದರ ಸುದ್ದಿ ಬೇರೆ ತರಗತಿಗೂ ಹೋಯಿತು. ಮುಂದಿನ ವಾರ ಒಂಬತ್ತನೆಯ ತರಗತಿಯವಳೊಬ್ಬಳು ಹಳೆಯ ಬಟ್ಟೆಯಲ್ಲಿ ಸುತ್ತಿದ ಕಲ್ಲೊಂದನ್ನು ತಂದಳು. ಊರಿಗೆ ಹತ್ತಿರದ ಇಂಗಳದಾಳದಲ್ಲಿ ತಾಮ್ರದ ಗಣಿ ಇತ್ತಲ್ಲ, ಅವಳ ತಾತ ಅಲ್ಲಿ ದುಡಿದವರು. ಕಲ್ಲಿನ ಒಂದು ಮಗ್ಗುಲು ಹಿತ್ತಾಳೆಯಂತೆ ಹೊಳೆಯುತ್ತಿತ್ತು, ಇನ್ನೊಂದು ಮಗ್ಗುಲಿಗೆ ಪಾಚಿ ಹಿಡಿದಂತೆ ಹಸಿರು. ಹೊಳೆಯುವ ಕಡೆ ಆಮ್ಲದ ಹನಿ ಬಿಟ್ಟೆವು; ಅದು ಜಪ್ಪಯ್ಯ ಎನ್ನಲಿಲ್ಲ. ಹಸಿರಿನ ಮೇಲೆ ಬಿಟ್ಟೆವು, ನೊರೆ ಎದ್ದಿತು. ಹಸಿರನ್ನು ಚಾಕುವಿನಿಂದ ಕೆರೆದು ಪುಡಿ ಮಾಡಿ, ಪ್ರನಾಳದಲ್ಲಿ ಆಮ್ಲ ಹಾಕಿ, ಬರುವ ಅನಿಲವನ್ನು ಸುಣ್ಣದ ತಿಳಿನೀರಿಗೆ ಹಾಯಿಸಿದೆವು. ಆ ತಿಳಿನೀರು ಎಲೆ ಅಡಿಕೆಯ ಸುಣ್ಣವನ್ನು ರಾತ್ರಿ ನೀರಿನಲ್ಲಿ ಕದಡಿಟ್ಟು ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಬಸಿದುಕೊಂಡದ್ದು. ಅದು ಹಾಲಿನಂತಾಯಿತು. ಕಾರ್ಬೊನೇಟು ಎಂದು ನಾಲ್ಕು ಜನ ಒಟ್ಟಿಗೆ ಕೂಗಿದರು. ಪ್ರನಾಳದಲ್ಲಿ ಉಳಿದದ್ದು ಹಸಿರು ನೀರು. ಅದಕ್ಕೆ ಉಜ್ಜಿದ ಮೊಳೆ ಇಳಿಬಿಟ್ಟೆವು. ಹಿಂದಕ್ಕೆ ಸರಿದವರು ಒಬ್ಬರೂ ಇಲ್ಲ. ಹೊರಗೆ ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ. ಮೊಳೆಯ ತುದಿಯಿಂದ ಮೇಲಕ್ಕೆ ಕೆಂಪು ಏರುತ್ತಾ ಬಂತು.

ಆ ಹುಡುಗಿ ಮೊಳೆಯನ್ನು ತಾತನಿಗೆ ತೋರಿಸಲು ಕೇಳಿದಳು. ತೊಳೆದು, ಹತ್ತಿಯಲ್ಲಿ ಸುತ್ತಿ ಬೆಂಕಿಪೆಟ್ಟಿಗೆಯಲ್ಲಿಟ್ಟು ಕೊಟ್ಟೆ. ದಾಸ್ತಾನು ಪುಸ್ತಕದಲ್ಲಿ 'ಮೊಳೆ 1, ಖರ್ಚು' ಎಂದು ಬರೆದೆ. ಮುಂದಿನ ಫೆಬ್ರವರಿ 28ರಂದು, ರಾಷ್ಟ್ರೀಯ ವಿಜ್ಞಾನ ದಿನದ ಪ್ರದರ್ಶನದಲ್ಲಿ, ಆ ಕಲ್ಲು ಮೊದಲ ಮೇಜಿನ ಮೇಲಿತ್ತು. ತಾತ ಬಂದು ಅದರ ಪಕ್ಕದಲ್ಲಿ ಬಹಳ ಹೊತ್ತು ನಿಂತಿದ್ದರು.

ಕೊರೊನಾ ಕಾಲದ ಬೀಗದಿಂದ ಆದ ಹಾನಿಯ ಲೆಕ್ಕ ಇಲ್ಲಿ ಬರೆಯುವುದಿಲ್ಲ. ಸೂಕ್ಷ್ಮದರ್ಶಕದ ಮಸೂರಕ್ಕೆ ಬೂಷ್ಟು ಹಿಡಿದಿತ್ತು, ತಕ್ಕಡಿ ತುಕ್ಕು ಹಿಡಿದಿತ್ತು. ಮತ್ತೆ ಮೊದಲಿನಿಂದ ಶುರು ಮಾಡಿದೆ. ಎರಡನೆಯ ಸಲ ಅಷ್ಟು ಕಷ್ಟವೆನಿಸಲಿಲ್ಲ.

ಆಮೇಲಿನ ವರ್ಷದ ಒಂದು ಹುಡುಗಿಯ ಬಗ್ಗೆ ಹೇಳಬೇಕು. ಪ್ರಯೋಗದ ದಿನ ಯಾರು ಬಂದರು, ಯಾರು ಬರಲಿಲ್ಲ ಎಂದು ನಾನು ಬೇರೆ ಪುಸ್ತಕದಲ್ಲಿ ಗುರುತು ಹಾಕುತ್ತೇನೆ. ಅದರಲ್ಲಿ ಒಬ್ಬಳ ಹೆಸರಿನ ಮುಂದೆ ಪ್ರತಿ ತಿಂಗಳೂ ಮೂರು ನಾಲ್ಕು ದಿನ ಖಾಲಿ. ಓದಿನಲ್ಲಿ ಮುಂದಿರುವ ಹುಡುಗಿ. ಒಂದು ದಿನ ಪಕ್ಕಕ್ಕೆ ಕರೆದು ಕೇಳಿದೆ. ತಲೆ ತಗ್ಗಿಸಿದಳು. ಅವಳದು ಊರಿಂದ ಬಸ್ಸಿನಲ್ಲಿ ಬರಬೇಕಾದ ಒಂದು ಹಟ್ಟಿ. ಅಲ್ಲಿ ಮುಟ್ಟಾದ ಹೆಣ್ಣುಮಕ್ಕಳು ಮನೆಯೊಳಗೆ ಕಾಲಿಡುವಂತಿಲ್ಲ, ಹಟ್ಟಿಯ ಹೊರಗೆ ಇರಬೇಕು. ಪುಸ್ತಕದ ಚೀಲ ಮನೆಯೊಳಗೆ, ಅವಳು ಹೊರಗೆ. ಸತುವಿನ ಪ್ರಯೋಗದ ದಿನವೂ ಅವಳು ಅಲ್ಲೇ ಇದ್ದಳು. ಆ ವರ್ಷ ಮಳೆ ಬೇರೆ ಇತ್ತು.

ನನಗೆ ಕೋಪ ಬಂತು, ಅಳುವೂ ಬಂತು. ಹಟ್ಟಿಯ ಕಟ್ಟಳೆಯನ್ನು ಮುರಿಯುವ ಶಕ್ತಿ ನನಗೆ ಇರಲಿಲ್ಲ. ನನ್ನ ಕೈಯಲ್ಲಿದ್ದದ್ದು ಒಂದು ಬೀಗದ ಕೈ. ಬಿಟ್ಟುಹೋದ ಪ್ರಯೋಗವನ್ನು ಯಾರು ಬೇಕಾದರೂ ಶನಿವಾರ ಮಧ್ಯಾಹ್ನ ಬಂದು ಮಾಡಬಹುದು ಎಂದು ಎಲ್ಲ ತರಗತಿಗೂ ಹೇಳಿಸಿದೆ. ಕಾರಣ ಕೇಳುವುದಿಲ್ಲ ಎಂದೂ ಹೇಳಿಸಿದೆ. ಆ ಶನಿವಾರ ಏಳು ಜನ ಬಂದರು. ಅವಳು ಕೊನೆಗೆ ಬಂದಳು.

ತಟ್ಟೆ ಹಿಂದಿನ ದಿನವೇ ಸಿದ್ಧವಿತ್ತು. ನಾನು ಏನೂ ಹೇಳಲಿಲ್ಲ. ಅವಳಿಗೆ ಎಲ್ಲವೂ ಬಾಯಿಪಾಠವಾಗಿತ್ತು. ಸತು ಹಾಕಿದಳು, ಆಮ್ಲ ಬಿಟ್ಟಳು, ಹೆಬ್ಬೆರಳು ಒತ್ತಿದಳು. ಬೆರಳು ಅಲುಗಿದಾಗ ಬೆಚ್ಚಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಬತ್ತಿಯ ಹತ್ತಿರ ಒಯ್ದಳು. ಪಟ್. ಇನ್ನೊಂದು ಸಲ ಮಾಡಲಾ ಎಂದು ಕೇಳಿದಳು. ನಾಲ್ಕು ಸಲ ಮಾಡಿದಳು.

ಪ್ರನಾಳ ತೊಳೆಯುವಾಗ ಕೊನೆಯ ನೀರು ಮಾತ್ರ ಭಟ್ಟಿ ಇಳಿಸಿದ ನೀರಿನ ಡಬ್ಬಿಯದು, ನಲ್ಲಿಯದಲ್ಲ ಎಂದೆ. ಏಕೆ ಎಂದಳು. ಸಿಲ್ವರ್ ನೈಟ್ರೇಟಿನ ಕಂದು ಬಾಟಲಿ ತೆಗೆದು ನಲ್ಲಿಯ ನೀರಿಗೊಂದು, ಡಬ್ಬಿಯ ನೀರಿಗೊಂದು ಹನಿ ಬಿಟ್ಟು ತೋರಿಸಿದೆ. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ನಮ್ಮ ಹಟ್ಟಿಯ ನೀರು ಹೇಗಿರಬಹುದು ಮಿಸ್?" ಎಂದು ಕೇಳಿದಳು. ತಂದರೆ ನೋಡೋಣ ಎಂದೆ.

ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ಪ್ರಯೋಗಾಲಯದ ಬಾಗಿಲಿನಲ್ಲಿ ನಿಂತಿದ್ದಳು. ಕೈಯಲ್ಲಿ ಎರಡು ತಂಪು ಪಾನೀಯದ ಹಳೆಯ ಬಾಟಲಿಗಳು. ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ ಕಟ್ಟಿದ್ದಳು. ಕೆಂಪು ದಾರದ್ದು ಹಟ್ಟಿಯೊಳಗಿನ ನಲ್ಲಿಯ ನೀರು. ಬಿಳಿ ದಾರದ್ದು ಹೊರಗೆ ಇರುವ ದಿನಗಳಲ್ಲಿ ಅವರು ಕುಡಿಯುವ ನೀರು. ನಾನು ಬೀಗ ತೆಗೆದು, ಸ್ಟ್ಯಾಂಡಿನಲ್ಲಿ ಮೂರು ಪ್ರನಾಳ ನಿಲ್ಲಿಸಿ, ಕಂದು ಬಾಟಲಿಯನ್ನೂ ಹನಿ ನಳಿಕೆಯನ್ನೂ ಅವಳ ಕೈಗೆ ಕೊಟ್ಟೆ.